ಹಾಡಿನಲ್ಲಿ ಕಾಣದ ಉಗ್ಗು, ಮಾತಿನಲ್ಲಿ ಉಳಿಯುವ ಉಗ್ಗು: ಗಮಕಾಭ್ಯಾಸದ ಬಗ್ಗೆ ಒಂದು ಚರ್ಚೆ

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಉಗ್ಗು ಇರುವವರು ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆ, ಕಲಿಯಬಹುದೇ ಎಂದು ಯಾರಾದರೂ ಕೇಳಿದಾಗ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಧಾರಾಳವಾಗಿ ಕಲಿಯಿರಿ, ಹಾಡುವಾಗ ಉಗ್ಗು ಬರುವುದಿಲ್ಲ, ಕ್ರಮೇಣ ಮಾತೂ ಸರಿಹೋಗುತ್ತದೆ.’ ಇದರ ಮೊದಲ ಭಾಗ ನಿಜ. ಕೊನೆಯ ಭಾಗ ನನ್ನ ಮಟ್ಟಿಗೆ ನಿಜವಾಗಲಿಲ್ಲ. ಅದನ್ನೇ ನಂಬಿಕೊಂಡು ಬಂದವರು, ಮಾತು ಸರಿಹೋಗಲಿಲ್ಲವೆಂಬ ಒಂದೇ ಕಾರಣಕ್ಕೆ ಕಾವ್ಯವನ್ನೂ ಬಿಟ್ಟು ಹೋದದ್ದನ್ನು ನೋಡಿದ್ದೇನೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನಗೆ ಬಾಲ್ಯದಿಂದಲೂ ಉಗ್ಗು ಇದೆ. ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಉಗ್ಗು ಇಲ್ಲದವರಿಗೆ ಮಾತು ತಡೆದು ನಿಲ್ಲುವುದಷ್ಟೇ ಕಾಣುತ್ತದೆ. ನಮ್ಮ ದಿನದ ಹೆಚ್ಚಿನ ಶ್ರಮ ಹೋಗುವುದು ಅದು ಕಾಣದಂತೆ ನೋಡಿಕೊಳ್ಳುವುದರಲ್ಲಿ. ಮುಂದೆ ಬರಲಿರುವ ಶಬ್ದದಲ್ಲಿ ಬ್ಲಾಕ್ ಆಗುತ್ತದೆಂದು ಅರೆಕ್ಷಣ ಮೊದಲೇ ಗೊತ್ತಾಗುತ್ತದೆ, ಆಗ ಬೇರೊಂದು ಶಬ್ದವನ್ನು ಹುಡುಕಿ ಅಲ್ಲಿ ಇಡುತ್ತೇವೆ. ‘ಬಟಾಟೆ’ ಬಾರದಿದ್ದರೆ ‘ಆಲೂಗಡ್ಡೆ’ ಎನ್ನುತ್ತೇವೆ. ಹೋಟೆಲಿನಲ್ಲಿ ಪೂರಿ ಬೇಕಿದ್ದರೂ ಇಡ್ಲಿ ತಿಂದು ಬರುತ್ತೇವೆ. ಭದ್ರಾವತಿ ಎಂಬ ಹೆಸರು ಬಾಯಿಂದ ಹೊರಡದೆ, ತರೀಕೆರೆಗೆ ಟಿಕೆಟ್ ಪಡೆದು ಭದ್ರಾವತಿಯಲ್ಲೇ ಇಳಿಯುವಾಗ ಕಂಡಕ್ಟರ್ ನೋಡುವ ನೋಟ ನನಗೆ ಚೆನ್ನಾಗಿ ಪರಿಚಿತ. ಬದಲಿ ಶಬ್ದವೇ ಇಲ್ಲದಿರುವುದು ಸ್ವಂತ ಹೆಸರಿಗೆ ಮಾತ್ರ, ಆದುದರಿಂದಲೇ ಉಗ್ಗುವವರಲ್ಲಿ ಅನೇಕರು ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವುದು ತಮ್ಮ ಹೆಸರನ್ನು ಹೇಳುವಾಗ.

ಗಮಕದ ತರಗತಿಗೆ ಸೇರಿದ ಮೇಲೆ ನನಗೆ ಮೊದಲು ಎದುರಾದದ್ದು ಇದೇ ಸಂಗತಿ. ನಾವು ಹಾಡುವ ಕುಮಾರವ್ಯಾಸ ಭಾರತದ ಭಾಮಿನಿ ಷಟ್ಪದಿಯಲ್ಲಿ ಪದವನ್ನು ಬದಲಿಸಲು ಸಾಧ್ಯವೇ ಇಲ್ಲ. ಮೂರು ನಾಲ್ಕರ ಗತಿಯಲ್ಲಿ ಹದಿನಾಲ್ಕು ಮಾತ್ರೆಯ ಸಾಲುಗಳು ನಾಲ್ಕು, ಇಪ್ಪತ್ತಮೂರು ಮಾತ್ರೆಯ ಸಾಲುಗಳು ಎರಡು, ಆರೂ ಸಾಲುಗಳಿಗೆ ಆದಿಪ್ರಾಸ. ಒಂದು ಪದವನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಛಂದಸ್ಸು ಆ ಕ್ಷಣವೇ ಮುರಿಯುತ್ತದೆ. ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆ ಎಂದು ಕುಮಾರವ್ಯಾಸನೇ ಹೇಳಿಕೊಂಡಿದ್ದಾನೆ. ಬದುಕಿನುದ್ದಕ್ಕೂ ಪದಗಳಿಂದ ತಪ್ಪಿಸಿಕೊಂಡು ಓಡಿದವನಿಗೆ, ಪ್ರತಿಯೊಂದು ಪದವನ್ನೂ ಅದು ಇರುವ ಜಾಗದಲ್ಲಿಯೇ ಎದುರುಗೊಳ್ಳಬೇಕಾದ ಅಭ್ಯಾಸ ಸಿಕ್ಕಿತು. ಹಾಡುವಾಗ ಎಲ್ಲವೂ ಸರಾಗವಾಗಿ ಬಂದವು. ಭಕಾರ, ಪಕಾರ, ಕಕಾರ ಯಾವುವೂ ತಡೆಯಲಿಲ್ಲ. ಮನೆಯವರು ಸಂಭ್ರಮಪಟ್ಟರು.

ಆದರೆ ಆ ಸಂಭ್ರಮದ ದಿನಗಳಲ್ಲೇ ನನ್ನ ಮೇಲಿನ ನನ್ನ ಅಸಮಾಧಾನ ಹೆಚ್ಚಾಯಿತು. ವೇದಿಕೆಯ ಮೇಲೆ ಕಾವ್ಯಭಾಗವನ್ನು ಹಾಡಿ ಕೆಳಗಿಳಿದ ಕೂಡಲೇ ಯಾರೋ ಬಂದು ಊರು ಯಾವುದೆಂದು ಕೇಳಿದರೆ ನಾಲಿಗೆ ನಿಲ್ಲುತ್ತಿತ್ತು, ಕೇಳಿದವರು ಗಲಿಬಿಲಿಗೊಳ್ಳುತ್ತಿದ್ದರು. ಹಾಡುವವನೇ ನಿಜವಾದ ನಾನು, ಮಾತನಾಡುವವನು ಅವನಿಗೆ ಅಂಟಿಕೊಂಡ ದೋಷ ಎಂದು ಮನಸ್ಸು ಎರಡು ಪಾಲು ಮಾಡಿಕೊಂಡಿತು. ಸರಾಗವಾಗಿ ಹಾಡಿದ್ದರಿಂದ ನಾನು ನನ್ನನ್ನು ಒಪ್ಪಿಕೊಂಡೆ ಎಂದು ಯಾರಾದರೂ ಬರೆದರೆ ಇದಕ್ಕಾಗಿಯೇ ನನಗೆ ಸಂಶಯ ಬರುತ್ತದೆ, ಏಕೆಂದರೆ ಅಲ್ಲಿ ಒಪ್ಪಿಗೆ ದೊರೆತಿರುವುದು ಉಗ್ಗಿಲ್ಲದ ಆವೃತ್ತಿಗೆ ಮಾತ್ರ.

ಬದಲಾವಣೆ ಬಂದದ್ದು ಎರಡು ಕೆಲಸಗಳಿಂದ. ಒಂದು, ಆಯಾ ದಿನ ಯಾವ ಶಬ್ದವನ್ನು ತಪ್ಪಿಸಿದೆ, ಅದರ ಬದಲು ಏನು ಹೇಳಿದೆ, ಆಗ ಎದುರಿಗೆ ಯಾರಿದ್ದರು ಎಂದು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ತೊಡಗಿದೆ. ನನ್ನನ್ನು ದೂಷಿಸಿಕೊಳ್ಳುವ ಮಾತು ಅದರಲ್ಲಿ ಬಾರದಂತೆ ಎಚ್ಚರ ವಹಿಸಿದೆ, ಬರಿಯ ವರದಿಯಂತೆ ಬರೆದೆ. ಎರಡು, ನಮ್ಮ ಗುರುಗಳ ಸಲಹೆಯಂತೆ, ಹಾಡುವ ಮೊದಲು ಕಥಾಸಂದರ್ಭವನ್ನು ನನ್ನ ಮಾತಿನಲ್ಲಿ, ಬರುವಷ್ಟು ಉಗ್ಗಿನೊಂದಿಗೇ, ಸಭೆಗೆ ಹೇಳತೊಡಗಿದೆ. ಹಾಡೂ ಉಗ್ಗೂ ಒಂದೇ ವೇದಿಕೆಗೆ, ಒಂದೇ ಮೈಕಿಗೆ ಬಂದ ಮೇಲೆ ಆ ಇಬ್ಬರು ಒಬ್ಬನೇ ಎಂದು ಸಭೆಗೆ ಅರ್ಥವಾಯಿತು, ನನಗೂ ಅರ್ಥವಾಯಿತು. ಉಗ್ಗು ಹೋಗಿಲ್ಲ. ತರೀಕೆರೆಗೆ ಟಿಕೆಟ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ.

ಬೇರೆಯವರ ಅನುಭವ ಹೇಗಿದೆಯೆಂದು ತಿಳಿಯುವ ಆಸೆ.

ವಾಕ್‌ಚಿಕಿತ್ಸೆ (ಮೈಸೂರು):

ತಾವು ಬರೆದ ಎರಡು ಸಂಗತಿಗಳಿಗೆ ನನ್ನ ವೃತ್ತಿಯ ಕಡೆಯಿಂದ ಸ್ವಲ್ಪ ವಿವರಣೆ ಸೇರಿಸುತ್ತೇನೆ.

ಹಾಡುವಾಗ, ಇತರರೊಂದಿಗೆ ಒಟ್ಟಾಗಿ ಓದುವಾಗ, ಒಂದು ನಿಯತ ಲಯಕ್ಕೆ ಹೊಂದಿಸಿಕೊಂಡು ಮಾತನಾಡುವಾಗ ಉಗ್ಗು ಬಹಳ ಕಡಿಮೆಯಾಗುವುದು ಬಹುಕಾಲದಿಂದ ತಿಳಿದಿರುವ ವಿಚಾರ. ಹಾಡಿನಲ್ಲಿ ಸ್ವರಗಳು ದೀರ್ಘವಾಗುತ್ತವೆ, ಧ್ವನಿ ಕಡಿಯದೆ ಹರಿಯುತ್ತದೆ, ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುತ್ತದೆ, ಯಾವಾಗ ಹೊರಡಬೇಕೆಂಬುದನ್ನು ರಾಗವೂ ಛಂದಸ್ಸೂ ಹೇಳಿಕೊಡುತ್ತವೆ. ದಿನನಿತ್ಯದ ಮಾತಿನಲ್ಲಿ ಈ ಅನುಕೂಲಗಳು ಯಾವುವೂ ಇಲ್ಲ. ಹಾಡಿನ ಸರಾಗತೆ ಮಾತಿಗೆ ತಾನಾಗಿ ಹರಿದುಬರದಿರುವುದು ಸಹಜ. ಅದು ಅಭ್ಯಾಸ ಸಾಲದೆ ಆದದ್ದಲ್ಲ, ಕಲಿತವರ ಕೊರತೆಯೂ ಅಲ್ಲ. ದಯವಿಟ್ಟು ಯಾರೂ ಆ ಭರವಸೆಯನ್ನು ಕೊಟ್ಟು ಜನರನ್ನು ಗಮಕಕ್ಕೆ ಕರೆಯಬೇಡಿ.

ಉಗ್ಗು ಹೆದರಿಕೆಯಿಂದ ಹುಟ್ಟುವ ಕಾಯಿಲೆಯೂ ಅಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಅನುವಂಶೀಯತೆಯ ಪಾತ್ರ ದೊಡ್ಡದು. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ, ಬಹುಪಾಲು ಮಕ್ಕಳಲ್ಲಿ ಹೋಗುತ್ತದೆ, ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ. ಉಳಿದವರಲ್ಲಿ ಗಂಡಸರೇ ಹೆಚ್ಚು. ಹೆದರಿಕೆ, ನಾಚಿಕೆ, ಪದ ತಪ್ಪಿಸುವ ಅಭ್ಯಾಸ ಎಲ್ಲವೂ ಉಗ್ಗಿನ ಮೇಲೆ ಆಮೇಲೆ ಬೆಳೆದುಕೊಳ್ಳುವಂಥವು. ಅನೇಕರ ಬದುಕನ್ನು ಕುಗ್ಗಿಸುವುದು ಮಾತಿನ ತಡೆಗಿಂತಲೂ ಈ ಬೆಳವಣಿಗೆಯೇ.

ತಮ್ಮ ನೋಟ್‌ಬುಕ್ಕಿನ ವಿಚಾರ ಓದಿ ಸಂತೋಷವಾಯಿತು. ಸ್ವತಃ ಉಗ್ಗುತ್ತಿದ್ದ ಅಮೆರಿಕದ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಅವರು ಕಳೆದ ಶತಮಾನದಲ್ಲಿ ರೂಪಿಸಿದ ಕ್ರಮದಲ್ಲಿ, ತನ್ನ ಉಗ್ಗು ಎಲ್ಲಿ ಹೇಗೆ ಬರುತ್ತದೆಂದು ಗುರುತಿಸುವುದೇ ಮೊದಲ ಹಂತ. ಉದ್ದೇಶಪೂರ್ವಕವಾಗಿ, ಸಾರ್ವಜನಿಕವಾಗಿ ಉಗ್ಗುವುದನ್ನೂ ಅವರು ಬಳಸಿದರು. ಅಡಗಿಸುವ ಒತ್ತಡ ಕಡಿಮೆಯಾದರೆ ಉಗ್ಗಿನ ಜೊತೆಗಿನ ಸೆಣಸಾಟವೂ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ವಿಚಾರ. ತಮ್ಮ ಗುರುಗಳು ಬೇರೊಂದು ದಾರಿಯಿಂದ ಅಲ್ಲಿಗೇ ಬಂದಿದ್ದಾರೆ.

ಅರ್ಥಧಾರಿ (ಕುಮಟಾ):

ತುಂಗಾತೀರ ಅವರ ಬರಹ ಮನಸ್ಸಿಗೆ ತಟ್ಟಿತು, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ.

ನಾನು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವನು, ಎಂದರೆ ಪಾತ್ರದ ಮಾತನ್ನಾಡುವವನು. ನನಗೂ ಉಗ್ಗು ಇದೆ. ನಮ್ಮಲ್ಲಿ ಹಾಡುವ ಭಾಗವತರ ಪದ್ಯಕ್ಕೆ ಛಂದಸ್ಸಿದೆ, ಅರ್ಥಕ್ಕೆ ಇಲ್ಲ. ಅದು ಆ ಕ್ಷಣಕ್ಕೆ ಕಟ್ಟಿ ಆಡುವ ಮಾತು, ಎದುರು ಅರ್ಥಧಾರಿಯ ಪ್ರಶ್ನೆಗೆ ಸ್ಥಳದಲ್ಲೇ ಉತ್ತರ ಕೊಡಬೇಕು. ಹಾಗಿದ್ದರೂ ಕರ್ಣನಾಗಿ ಕುಳಿತಾಗ ನನ್ನ ನಾಲಿಗೆ ತಡೆಯುವುದು ಅಪರೂಪ. ನಟಿಸುವಾಗ ಉಗ್ಗು ಕಡಿಮೆಯಾಗುವ ಅನುಭವ ಬೇರೆಯವರಿಗೂ ಇದೆಯೆಂದು ಕೇಳಿದ್ದೇನೆ. ಬೆಳಗಿನ ಜಾವ ಪ್ರಸಂಗ ಮುಗಿದು ಚಹಾಕ್ಕೆ ಹೋದಾಗ ಮತ್ತೆ ನಾನೇ, ಮತ್ತೆ ಉಗ್ಗೇ.

ತಾವು ಇದನ್ನು ಮನಸ್ಸು ಎರಡಾದ ಸ್ಥಿತಿ ಎನ್ನುತ್ತೀರಿ. ನನಗೆ ಅದು ಹಾಗೆ ಕಾಣುವುದಿಲ್ಲ. ದಿನವಿಡೀ ಹೊತ್ತ ಭಾರವನ್ನು ಇಳಿಸಿಕೊಳ್ಳುವ ಜಾಗವೊಂದು ಮನುಷ್ಯನಿಗೆ ಬೇಕು. ಕರ್ಣನ ಪಾತ್ರ ನನಗೆ ಆ ಜಾಗ. ಅಲ್ಲಿಯೂ ಉಗ್ಗನ್ನು ಕರೆದು ತಂದು ಕೂರಿಸಬೇಕೆಂಬ ಕರ್ತವ್ಯವನ್ನು ಉಗ್ಗುವವರ ಮೇಲೆ ಹೊರಿಸಿದರೆ, ಒಪ್ಪಿಕೊಳ್ಳುವುದೂ ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ. ಕುಲದ ಕಾರಣಕ್ಕೆ ಸಭೆಯಲ್ಲಿ ಅವಮಾನಕ್ಕೊಳಗಾದ ಕರ್ಣನ ದುಃಖವನ್ನು ನಾನು ಹೇಳುವಾಗ, ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಲಾರದೆ ನಗೆಗೀಡಾದ ಹುಡುಗನ ದುಃಖವೂ ಆ ಮಾತಿನೊಳಗೆ ಬರುತ್ತದೆ. ಸಭೆಗೆ ಅದು ಗೊತ್ತಿಲ್ಲದಿರಬಹುದು. ನನಗೆ ಗೊತ್ತಿದೆ, ಮತ್ತು ನನಗೆ ಅಷ್ಟು ಸಾಕು.

ಗಮಕ ಶಿಕ್ಷಕಿ (ಬೆಂಗಳೂರು):

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಕಲೆಯ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ಗಮಕಕ್ಕೆ ಶ್ರುತಿ ಇದೆ, ರಾಗ ಇದೆ, ತಾಳವಿಲ್ಲ. ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಪದ ಮುಗಿಯುವುದಿಲ್ಲ. ಎಷ್ಟೋ ಕಡೆ ಪದವೊಂದು ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಇರುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಒಂದೇ ಉಸಿರಿನಲ್ಲಿ ದಾಟಬೇಕು ಎಂಬುದನ್ನು ಅನ್ವಯ (ಪದಗಳು ಅರ್ಥಕ್ಕೆ ಕೂಡುವ ಕ್ರಮ) ತಿಳಿದು ಗಮಕಿಯೇ ನಿರ್ಧರಿಸಬೇಕು. ಉಗ್ಗು ಇರುವ ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮಾತು ನೆನಪಾಗುತ್ತದೆ: ಮಾತಿನಲ್ಲಿ ನಿಲುಗಡೆ ತನ್ನ ಮೇಲೆ ಬಂದು ಬೀಳುತ್ತದೆ, ಪದ್ಯದಲ್ಲಿ ನಿಲುಗಡೆಯನ್ನು ತಾನೇ ಇಡುತ್ತೇನೆ ಎಂದು. ಮೌನಕ್ಕೆ ಅವಳು ಮೊದಲಿನಂತೆ ಹೆದರದಿರಲು ಅದೊಂದು ಕಾರಣವಾಯಿತು.

ಎರಡನೆಯದು ಕೇಳುಗರ ವಿಷಯ. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು ಎಂಬ ನಮ್ಮ ಪದ್ಧತಿಯಲ್ಲಿ ನಿಧಾನಕ್ಕೆ ಜಾಗವಿದೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಹೊಸಹಳ್ಳಿಯ ಕೇಶವಮೂರ್ತಿಯವರ ವಾಚನವನ್ನು ಕೇಳಿದವರಿಗೆ ಒಂದೇ ಪದ್ಯದ ಸುತ್ತ ಎಷ್ಟು ಹೊತ್ತು ಇರಬಹುದೆಂದು ಗೊತ್ತು. ಹಾಗೆ ಕೇಳಿ ಅಭ್ಯಾಸವಾದ ಸಭೆಗೆ, ಸಂದರ್ಭ ಹೇಳುವವರ ನಾಲಿಗೆ ಕೆಲವು ಕ್ಷಣ ತಡೆದರೆ ಕಾಯುವುದು ಕಷ್ಟವಲ್ಲ. ಕಾಯುವ ಸಭೆ ಇಲ್ಲದ ಕಡೆ ತುಂಗಾತೀರ ಅವರ ಪ್ರಯೋಗ ಹೀಗೆಯೇ ಫಲಿಸುತ್ತಿತ್ತು ಎಂದು ನಾನು ಹೇಳಲಾರೆ. ಆ ಗುರುಗಳು ಸಭೆಯನ್ನೂ ಆರಿಸಿಕೊಂಡಿರಬೇಕು.

ತುಂಗಾತೀರ (ಶಿವಮೊಗ್ಗ):

ಅಮ್ಮಾ, ಹೌದು. ಮೊದಲ ಸಭೆ ಒಂದು ಮನೆಯ ಜಗಲಿಯಲ್ಲಿ ಸೇರಿದ ಕೆಲವೇ ಹಿರಿಯರದು, ಎಲ್ಲರೂ ಕಾವ್ಯ ಬಲ್ಲವರು. ಅದನ್ನು ಮೊದಲೇ ಬರೆಯಬೇಕಿತ್ತು.

ಅರ್ಥಧಾರಿಗಳೇ, ತಾವು ಕರ್ಣನೊಳಗೆ ಪಡೆಯುವ ವಿಶ್ರಾಂತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಕರ್ತವ್ಯವೆಂದು ಯಾರ ಮೇಲೂ ಹೊರಿಸುವ ಉದ್ದೇಶವೂ ಇಲ್ಲ. ತಮ್ಮ ವಿಷಯದಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ: ಹಳೆಯ ಹುಡುಗನ ದುಃಖವನ್ನು ತಾವು ಕರ್ಣನ ಮಾತಿಗೆ ಕೊಟ್ಟಿದ್ದೀರಿ, ಅವನನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗಿಲ್ಲ. ನಾನು ಹೊರಗೆ ನಿಲ್ಲಿಸಿದ್ದೆ. ಹಾಡು ಮುಗಿಯುವವರೆಗೂ ನಾನು ಉಗ್ಗುವವನೆಂದು ಯಾರಿಗೂ ತಿಳಿಯದಿರಲಿ ಎಂದು ಪ್ರಾರ್ಥಿಸುತ್ತ ಹಾಡುತ್ತಿದ್ದೆ. ಹಾಗೆ ಹಾಡಿದ್ದು ಹಾಡಾಗಿಯೂ ಚೆನ್ನಾಗಿರಲಿಲ್ಲ, ಸ್ವರ ಸರಿಯಿತ್ತು, ಭಾವ ಇರಲಿಲ್ಲ.

ಇಲ್ಲಿ ವಿರಾಟಪರ್ವದ ವಿಚಾರ ಹೇಳದೆ ಮುಂದುವರಿಯಲಾರೆ. ಅಜ್ಞಾತವಾಸದ ವರ್ಷವೆಲ್ಲ ಬೃಹನ್ನಳೆಯಾಗಿದ್ದ ಅರ್ಜುನ, ಶಮೀವೃಕ್ಷದ ಬಳಿ ಉತ್ತರನಿಗೆ ತಾನು ಯಾರೆಂದು ಹೇಳುತ್ತಾನೆ. ಉತ್ತರ ನಂಬುವುದಿಲ್ಲ, ಅರ್ಜುನನಿಗೆ ಹತ್ತು ಹೆಸರುಗಳಿವೆಯಲ್ಲ, ಅವನ್ನು ಹೇಳು ಎನ್ನುತ್ತಾನೆ. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಹೆಸರು ಹೇಳುವುದೇ ಬದುಕಿನ ಅತಿ ಕಷ್ಟದ ಕೆಲಸವಾಗಿದ್ದವನಿಗೆ ಈ ಸಂದರ್ಭ ಹೇಗೆ ಕಂಡಿರಬಹುದೆಂದು ಊಹಿಸಿ. ಇಷ್ಟು ದಿನ ಮರೆಯಲ್ಲಿದ್ದವನನ್ನು ಇನ್ನೊಬ್ಬ ಕೇಳುತ್ತಿದ್ದಾನೆ, ನೀನು ಅವನೇ ಆಗಿದ್ದರೆ ಹೆಸರು ಹೇಳು ಎಂದು. ನನ್ನ ಗುರುಗಳು ಈ ಭಾಗವನ್ನು ಬೇಕೆಂದೇ ಆರಿಸಿದ್ದರೋ ಇಲ್ಲವೋ ನಾನು ಕೇಳಿಲ್ಲ. ಹತ್ತು ಹೆಸರುಗಳನ್ನು ಮೊದಲು ಮಾತಿನಲ್ಲಿ ಹೇಳಿದೆ, ಫಲ್ಗುಣನ ಬಳಿ ಬಹಳ ಹೊತ್ತು ನಿಂತೆ, ಬೀಭತ್ಸುವಿನ ಬಳಿ ಮತ್ತೆ ನಿಂತೆ, ಆಮೇಲೆ ಹಾಡಿದೆ. ಅಂದು ಹಾಡಿದ್ದರಲ್ಲಿ ಭಾವವಿತ್ತೆಂದು ಅಲ್ಲಿದ್ದವರು ಹೇಳಿದರು.

ಹುಬ್ಬಳ್ಳಿಯ ಓದುಗ:

ಸರ್, ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಹಾಡು ಬರುವುದಿಲ್ಲ, ಕಲಿಯುವ ಒಲವೂ ಇಲ್ಲ. ಇಂಟರ್‌ವ್ಯೂಗಳಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಯಲ್ಲೇ ಹೆಸರಿನ ಬಳಿ ಬ್ಲಾಕ್ ಆಗುತ್ತದೆ, ಆಮೇಲೆ ಗೊತ್ತಿರುವ ಉತ್ತರವೂ ಹೊರಡುವುದಿಲ್ಲ. ಒಂದು ಕಡೆ ಸಂದರ್ಶಕರು ನನ್ನ ಹೆಸರನ್ನು ಬಯೋಡೇಟಾದಿಂದ ತಾವೇ ಓದಿ ‘ಸರಿ, ಸರಿ’ ಎಂದು ಮುಂದಕ್ಕೆ ಹೋದರು. ಕಲೆಯ ಅಭ್ಯಾಸವಿಲ್ಲದವರಿಗೆ ಇದರಲ್ಲಿ ಏನಾದರೂ ಇದೆಯೇ?

ವಾಕ್‌ಚಿಕಿತ್ಸೆ (ಮೈಸೂರು):

ಖಂಡಿತ ಇದೆ. ಇಂಟರ್‌ವ್ಯೂ ಆರಂಭದಲ್ಲೇ, ಹೆಸರಿಗೂ ಮೊದಲು, ‘ನನಗೆ ಉಗ್ಗು ಇದೆ, ಕೆಲವು ಪದಗಳಿಗೆ ಹೆಚ್ಚು ಸಮಯ ಬೇಕಾಗುತ್ತದೆ’ ಎಂದು ಹೇಳಿಬಿಡಿ. ಕ್ಷಮೆ ಕೇಳುವ ಧಾಟಿ ಬೇಡ. ಹೀಗೆ ಹೇಳಿದವರ ಬಗ್ಗೆ ಕೇಳುಗರಿಗೆ ಒಳ್ಳೆಯ ಅಭಿಪ್ರಾಯ ಮೂಡುವುದನ್ನು ಅಧ್ಯಯನಗಳು ತೋರಿಸಿವೆ, ಹೇಳಿದವರ ಒಳಗಿನ ಒತ್ತಡವೂ ಇಳಿಯುತ್ತದೆ. ಆ ಒಂದು ವಾಕ್ಯದಲ್ಲೇ ಉಗ್ಗಿದರೂ ಅಡ್ಡಿಯಿಲ್ಲ. ಮೊದಲು ಅಂಗಡಿಯಲ್ಲಿ, ಬಸ್ಸಿನಲ್ಲಿ, ಪರಿಚಯವಿಲ್ಲದವರ ಬಳಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ತುಂಗಾತೀರ (ಶಿವಮೊಗ್ಗ):

ತಮ್ಮಾ, ಹಾಡೇ ಬೇಕೆಂದಿಲ್ಲ, ಆದರೆ ನೋಟ್‌ಬುಕ್ಕನ್ನು ಪ್ರಯತ್ನಿಸಿ ನೋಡು. ನನ್ನದನ್ನು ಕೆಲವು ತಿಂಗಳ ಬಳಿಕ ಹಿಂದಿರುಗಿ ಓದಿದಾಗ, ನಾನು ಹೆದರುತ್ತಿದ್ದದ್ದು ಶಬ್ದಗಳಿಗೆ ಎಂಬ ನನ್ನ ತಿಳಿವಳಿಕೆಯೇ ಬದಲಾಯಿತು. ಒಂದೇ ಶಬ್ದ ಅಕ್ಕನ ಎದುರು ಬಂದಿದೆ, ಮ್ಯಾನೇಜರರ ಎದುರು ಬಂದಿಲ್ಲ, ಮನೆಯ ಬೆಕ್ಕಿನೊಂದಿಗೆ ಎಂದೂ ತಡೆದಿಲ್ಲ. ಎಷ್ಟೋ ಕಡೆ ಎದುರಿಗಿದ್ದವರು ಏನೂ ಅಂದುಕೊಂಡಂತೆ ಕಾಣಲಿಲ್ಲವೆಂದು ನಾನೇ ಬರೆದಿದ್ದೇನೆ. ಕೆಲವರು ನಿಜಕ್ಕೂ ನಕ್ಕಿದ್ದಾರೆ, ಅದೂ ಅಲ್ಲಿದೆ. ಎರಡೂ ಬರಹದಲ್ಲಿ ಇದ್ದುದರಿಂದ, ಎಲ್ಲರೂ ನಗುತ್ತಾರೆ ಎಂಬ ಮಾತನ್ನು ನನಗೆ ನಾನು ಹೇಳಿಕೊಳ್ಳಲು ಆಗಲಿಲ್ಲ.

ನಿನ್ನ ಹೆಸರನ್ನು ಬೇರೆಯವರು ಓದಿ ಮುಗಿಸಿದ ದಿನ ಏನಾಯಿತೆಂದು ಪೂರ್ತಿ ಬರೆದಿಡು. ಆಗ ನೀನು ಏನು ಹೇಳಬೇಕೆಂದಿದ್ದೆಯೋ ಅದನ್ನೂ ಬರೆ.

ಒಬ್ಬ ತಾಯಿ (ದಾವಣಗೆರೆ):

ಎಲ್ಲರ ಮಾತುಗಳನ್ನೂ ಓದಿದೆ. ನನ್ನ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಚಿಕ್ಕಂದಿನಿಂದ ಉಗ್ಗು. ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯಿತು, ಹರಕೆ ಹೊತ್ತದ್ದಾಯಿತು. ಶಾಲೆಯಲ್ಲಿ ಪಾಠ ಓದಿಸುವಾಗ ಅವನ ಸರದಿಯನ್ನು ಬಿಟ್ಟು ಮುಂದಿನ ಮಗುವಿಗೆ ಹೋಗುತ್ತಾರೆ, ಕನಿಕರದಿಂದಲೇ ಇರಬಹುದು. ಆದರೆ ಹಾಡು ಚೆನ್ನಾಗಿ ಬರುತ್ತದೆ. ನೆಂಟರು ಬಂದಾಗಲೆಲ್ಲ ‘ಹಾಡಿ ತೋರಿಸು’ ಎನ್ನುತ್ತಾರೆ, ಹಾಡಿದ ಮೇಲೆ ‘ನೋಡು, ಮನಸ್ಸು ಮಾಡಿದರೆ ನಿನಗೆ ಬರುತ್ತದೆ’ ಎನ್ನುತ್ತಾರೆ. ಇತ್ತೀಚೆಗೆ ಹಾಡಲು ಕರೆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅವನನ್ನು ಗಮಕಕ್ಕೆ ಸೇರಿಸಲೇ?

ವಾಕ್‌ಚಿಕಿತ್ಸೆ (ಮೈಸೂರು):

ತಾಯಿ, ಮೊದಲು ಆ ಮಾತನ್ನು ಮನೆಯಲ್ಲಿ ನಿಲ್ಲಿಸಿ. ಮನಸ್ಸು ಮಾಡಿದರೆ ಬರುತ್ತದೆ ಎಂದರೆ, ಮಾತನಾಡುವಾಗ ಅವನು ಮನಸ್ಸು ಮಾಡುತ್ತಿಲ್ಲ ಎಂದು ಅವನ ಕಿವಿಗೆ ಕೇಳುತ್ತದೆ. ‘ನಿಧಾನವಾಗಿ ಹೇಳು’, ‘ಉಸಿರು ತೆಗೆದುಕೋ’ ಎಂಬ ಸಲಹೆಗಳೂ ಬೇಡ. ಅವನ ವಾಕ್ಯವನ್ನು ಬೇರೆಯವರು ಮುಗಿಸಬಾರದು. ಮುಖ ನೋಡುತ್ತ ಕೇಳಿ, ಏನು ಹೇಳಿದ ಎಂಬುದಕ್ಕೆ ಉತ್ತರ ಕೊಡಿ. ಸರದಿ ತಪ್ಪಿಸುವ ಬದಲು ಇನ್ನೊಂದು ಮಗುವಿನೊಡನೆ ಜೊತೆಯಾಗಿ ಓದಿಸಬಹುದೇ ಎಂದು ಶಾಲೆಯವರನ್ನು ಕೇಳಿ. ಒಟ್ಟಾಗಿ ಓದುವಾಗ ತಡೆ ಕಡಿಮೆ, ತರಗತಿಯಲ್ಲಿ ಅವನ ಜಾಗವೂ ಉಳಿಯುತ್ತದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಥವಾ ಸಮೀಪದ ವಾಕ್ ಚಿಕಿತ್ಸಕರ ಬಳಿ ಒಮ್ಮೆ ತೋರಿಸಿ. ಇದು ಗಮಕಕ್ಕೆ ಬದಲಿಯಲ್ಲ, ಗಮಕ ಇದಕ್ಕೆ ಬದಲಿಯಲ್ಲ.

ಗಮಕ ಶಿಕ್ಷಕಿ (ಬೆಂಗಳೂರು):

ಅವನಿಗೇ ಇಷ್ಟವಿದ್ದರೆ ಸೇರಿಸಿ. ಚಿಕಿತ್ಸೆಗೆಂದು ಸೇರಿಸಬೇಡಿ. ಬಾಗಿಲು ಹಾಕಿಕೊಳ್ಳುವ ಮಗು ಹಾಡನ್ನು ದ್ವೇಷಿಸುತ್ತಿಲ್ಲ, ತನ್ನ ಹಾಡನ್ನು ತನ್ನ ಮಾತಿಗೆ ಎದುರಾಗಿ ನಿಲ್ಲಿಸುವುದನ್ನು ಸಹಿಸಲಾರದೆ ಹೋಗುತ್ತಿದೆ ಎಂದು ನನಗೆ ಅನಿಸುತ್ತದೆ. ಕೆಲವು ಕಾಲ ಯಾರೂ ಹಾಡು ಎನ್ನದಿರಲಿ.

ಉತ್ತರಕುಮಾರನ ಪ್ರಸಂಗ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅಂತಃಪುರದಲ್ಲಿ ಕೊಚ್ಚಿಕೊಂಡವನು ರಥದಿಂದ ಇಳಿದು ಓಡುವಲ್ಲಿಂದ ಆರಂಭಿಸಿ. ನೀವೇ ಓದಿ, ಜೊತೆಗೆ ಅವನೂ ಓದಲಿ, ರಾಗದ ಯೋಚನೆ ಆಮೇಲೆ. ಪದವಿಭಾಗ ಮಾಡಿ ಅರ್ಥ ಕೊಟ್ಟಿರುವ ಪ್ರತಿ ದಾವಣಗೆರೆಯ ಗ್ರಂಥಾಲಯದಲ್ಲಿ ಸಿಗಬಹುದು, ಸಿಗದಿದ್ದರೆ ಮೊದಲ ಹತ್ತು ಪದ್ಯಗಳನ್ನು ನಾನೇ ಬಿಡಿಸಿ ಬರೆದು ಇಲ್ಲಿ ಹಾಕುತ್ತೇನೆ.

ಒಬ್ಬ ತಾಯಿ (ದಾವಣಗೆರೆ):

ದಯವಿಟ್ಟು ಹಾಕಿ ಅಮ್ಮಾ. ಓಡಿಹೋಗುವ ರಾಜಕುಮಾರನ ಕಥೆ ಎಂದು ಹೇಳಿದೆ. ಅವನು ಯಾಕೆ ಓಡಿದ, ಆಮೇಲೆ ಏನಾಯಿತು ಎಂದು ಕೇಳಿದ. ಕೇಳಿ ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು, ನಾನು ಕಾದೆ.